ಸೊಸೆಯ ಕುರ್ಚಿ ಹಾಲೆಂಡಿಗೆ ಹೋದದ್ದು

ಹಗರೆ

ಹಾಲೆಂಡಿಗೆ ಹೋಗಿ ಬಂದು ವರ್ಷವಾಗುತ್ತ ಬಂತು. ಇನ್ನೂ ಜನ ಜಗಲಿ ಹತ್ತಿ ಕೂತು "ಅಲ್ಲಿ ಏನೇನ್ ನೋಡ್ದೆ ಲಕ್ಕಮ್ಮ?" ಎಂದು ಕೇಳುತ್ತಾರೆ. ಹೇಳಿ ಹೇಳಿ ನನ್ನ ದವಡೆ ಸೋತಿತು. ಅದಕ್ಕೇ ಬರೆದುಬಿಡುತ್ತಿದ್ದೇನೆ. ಇನ್ನು ಕೇಳಿದವರ ಕೈಗೆ ಇದನ್ನು ಕೊಟ್ಟು ನಾನು ಹಾಲು ಕರೆಯಲು ಹೋಗುತ್ತೇನೆ. ಅಕ್ಷರ ನನಗೆ ಬಂದದ್ದು ಐವತ್ತು ದಾಟಿದ ಮೇಲೆ, ವಯಸ್ಕರ ಶಾಲೆಯಲ್ಲಿ. ಒತ್ತಕ್ಷರ ಅರ್ಧ ಬರುವಷ್ಟರಲ್ಲಿ ಶಾಲೆ ಮುಚ್ಚಿತು. ಹಾಗಾಗಿ ಇಲ್ಲಿರುವ ಒತ್ತು, ದೀರ್ಘ ಎಲ್ಲ ನನ್ನ ಸೊಸೆ ತಿದ್ದಿದ್ದು. ಮಾತು ನನ್ನದು. ಅವಳಿಗೆ ಹಿಡಿಸದ ಕಡೆಯೂ ಹಾಗೇ ಇರಲಿ ಎಂದು ಹೇಳಿದ್ದೇನೆ.

ಹೋದದ್ದೇ ಸೊಸೆಯ ದೆಸೆಯಿಂದ. ಮಂಜುಳಾ ಅರಸೀಕೆರೆ ಕಡೆಯವಳು. ಎರಡು ವರ್ಷದ ಕೂಸಾಗಿದ್ದಾಗ ಪೋಲಿಯೊ ಬಂದು ಎರಡೂ ಕಾಲು ಸೊರಗಿದವು. ಊರುಗೋಲು ಹಿಡಿದು ಓಡಾಡುತ್ತಾಳೆ. ತೋಳು ಮಾತ್ರ ಒನಕೆ ಕುಟ್ಟಿದವರ ತೋಳು. ನಮ್ಮೂರು ಹಗರೆಯ ಹಾಲಿನ ಡೇರಿಗೆ ಹಾಲು ಪರೀಕ್ಷೆ ಮಾಡುವ ಕೆಲಸಕ್ಕೆ ಬಂದಳು. ಬಂದ ಮೂರನೇ ದಿನವೇ ನನ್ನ ಹಾಲಿಗೆ ನೀರು ಬೆರೆತಿದೆ ಎಂದು ಸಾಲಿನಲ್ಲಿ ನಿಂತವರೆಲ್ಲರ ಮುಂದೆ ವಾಪಸ್ಸು ಕಳಿಸಿದಳು. ಬೆರೆತಿತ್ತು, ಅದು ಬೇರೆ ಮಾತು. ಹಾಗೆ ಕೂಗಿ ಹೇಳಬೇಕೇ? ಅವಳನ್ನು ದಬಾಯಿಸಿ ಬಾ ಎಂದು ನನ್ನ ಮಗ ರಂಗಸ್ವಾಮಿಯನ್ನು ಕಳಿಸಿದೆ. ಅವನು ದಬಾಯಿಸಲು ದಿನಾ ಹೋಗತೊಡಗಿದ. ಆರು ತಿಂಗಳಾದ ಮೇಲೆ ಬಂದು ಅವಳನ್ನೇ ಮದುವೆಯಾಗುತ್ತೇನೆ ಅಂದ.

"ಕಾಲಿಲ್ದೋಳನ್ನ ಕಟ್ಕೊಂಡು ಬಂದ್ರೆ ಕೊಟ್ಟಿಗೆ ಕಸ ಯಾರ್ ಬಾಚ್ತಾರ್ಲಾ, ನಿಮ್ಮಪ್ಪ ಎದ್ ಬತ್ತಾನಾ?" ಅಂದೆ. ಅವರಪ್ಪ ಸತ್ತು ಹತ್ತು ವರ್ಷವಾಗಿತ್ತು.

ಮದುವೆ ಆಯಿತು. ಕೊಟ್ಟಿಗೆ ಕಸ ಮಗ ಬಾಚುತ್ತಾನೆ. ನನ್ನ ಹಾಲಿಗೆ ಈಗ ನೀರಿಲ್ಲ.

ಮದುವೆಯಾದ ಮೇಲೆ ಅವಳಿಗೆ ಗುಂಡು ಎಸೆತದ ಹುಚ್ಚು ಹಿಡಿಯಿತು. ಹಿಡಿಸಿದವನು ನನ್ನ ಮಗನೇ. ಅವಳಂಥವರು ಕುರ್ಚಿಯಲ್ಲಿ ಕೂತೇ ಕಬ್ಬಿಣದ ಗುಂಡು ಎಸೆಯುತ್ತಾರಂತೆ, ಪೇಪರಿನಲ್ಲಿ ಓದಿಕೊಂಡು ಬಂದ. ಆ ಕುರ್ಚಿ ಕೂದಲೆಳೆಯಷ್ಟೂ ಅಲುಗಬಾರದು. ಬೇಲೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಹಳೇ ಗೇಟಿನ ಸರಳು, ಗುಜರಿಗೆ ಹೋದ ಬಸ್ಸಿನ ಕಂಬಿ ಬೆಸೆಸಿ ಒಂದು ಕುರ್ಚಿ ಮಾಡಿಸಿದ. ಕೂರುವಲ್ಲಿಗೆ ನನ್ನ ಹಳೇ ಕಂಬಳಿ ಮಡಿಸಿ ಹೊಲಿದ. ಕುರ್ಚಿಯ ನಾಲ್ಕು ಕಾಲಿಗೆ ನಾಲ್ಕು ಹಗ್ಗ, ಹಗ್ಗಕ್ಕೊಂದು ಗೂಟ. ಗೂಟ ಹೊಡೆದು ಹಗ್ಗ ಬಿಗಿಯುವುದು ನನ್ನ ಪಾಲಿಗೆ ಬಂತು. ಮಗ ಹಾಕಿದ ಗಂಟು ಎರಡನೇ ಎಸೆತಕ್ಕೇ ಸಡಿಲವಾಗುತ್ತಿತ್ತು. ನನ್ನ ಗಂಟನ್ನು ಹೋರಿಯೂ ಬಿಚ್ಚಿಕೊಂಡದ್ದಿಲ್ಲ. ಸೊಸೆಯ ಮೇಲಿನ ಪ್ರೀತಿಯಿಂದ ಕಟ್ಟಿದೆ ಅಂದುಕೊಳ್ಳಬೇಡಿ. ಕೆಟ್ಟ ಗಂಟು ಕಂಡರೆ ನನಗೆ ಮೈ ಉರಿಯುತ್ತದೆ, ಅಷ್ಟೇ.

ಅವಳಿಗೆ ಇದ್ದ ಸಂಕಟ ಒಂದೇ. ಆಟ ತಿಳಿದವರು ಯಾರೂ ಅವಳ ಎಸೆತ ನೋಡಿರಲಿಲ್ಲ. ಜಿಲ್ಲೆಯ ಆಟಕ್ಕೆ ಎರಡು ಸಲ ಹೋದಳು. ಎರಡು ಸಲವೂ ಕೂತು ಎಸೆಯುವವರು ಬೇರೆ ಯಾರೂ ಬಂದಿರಲಿಲ್ಲ. "ಒಬ್ಬಳಿಗೇ ಏನ್ ಸ್ಪರ್ಧೆ ಮಾಡೋದಮ್ಮ" ಎಂದು ಎಸೆಯುವ ಮೊದಲೇ ಕೊರಳಿಗೆ ಪದಕ ಹಾಕಿ, ಚಪ್ಪಾಳೆ ತಟ್ಟಿ, ಊಟಕ್ಕೆ ಕಳಿಸಿದರು. ಮನೆಯಲ್ಲಿ ಎರಡು ಪದಕ ಇವೆ, ಎಸೆತ ಒಂದೂ ಇಲ್ಲ.

"ಅತ್ತೆ, ಗೊತ್ತಿರೋರು ಒಬ್ರು ನೋಡ್ಲಿ ಸಾಕು. ಚೆನ್ನಾಗಿಲ್ಲ ಅಂದ್ರೂ ಪರವಾಗಿಲ್ಲ" ಅನ್ನುತ್ತಿದ್ದಳು.

ಹೀಗಿರುವಾಗ ಬೆಂಗಳೂರಿನಿಂದ ಸುಚೇತಾ ಎಂಬ ಹುಡುಗಿ ಕ್ಯಾಮೆರಾ ಹೊತ್ತು ಬಂದಳು. ನಮ್ಮ ಮನೆಯಲ್ಲಿ ಹನ್ನೆರಡು ದಿನ ಮುದ್ದೆ ಉಂಡು ಮಂಜುಳಾ ಮೇಲೆ ಸಿನಿಮಾ ತೆಗೆದಳು. ಅದು ಹಾಲೆಂಡಿನ ಒಂದು ಹಬ್ಬಕ್ಕೆ ಆರಿಸಿ ಬಂತು. ಕೈಕಾಲು, ಕಣ್ಣು ಊನವಾದ ಆಟಗಾರರನ್ನು ಸಿನಿಮಾದಲ್ಲಿ, ಚಿತ್ರದಲ್ಲಿ, ಕುಣಿತದಲ್ಲಿ ತೋರಿಸಿ ಮೆರೆಸುವ ಹಬ್ಬವಂತೆ. ಸುಚೇತಾ ಜೊತೆ ಮಂಜುಳಾನೂ ಬರಬೇಕು, ಅವಳ ಜೊತೆಗೊಬ್ಬರು ಬರಬಹುದು ಎಂದು ಕಾಗದ ಬಂತು. ಮಗನನ್ನು ಬಿಡುವ ಹಾಗಿರಲಿಲ್ಲ, ಎರಡು ಹಸು ದಿನ ತುಂಬಿ ನಿಂತಿದ್ದವು.

"ಅತ್ತೆನೇ ಬರ್ಲಿ" ಅಂದಳು ಸೊಸೆ. "ಆಟಗಾರರ ಹಬ್ಬ ಅಂದ್ಮೇಲೆ ಮೈದಾನ ಇದ್ದೇ ಇರುತ್ತೆ. ಅಲ್ಲಿ ಗಂಟು ಹಾಕೋರು ಯಾರು?"

ಹೀಗೆ ನಾನು ಗಂಟು ಹಾಕಲು ವಿದೇಶಕ್ಕೆ ಹೋದೆ.

ಬೆಂಗಳೂರಿನಿಂದ ಆಕಾಶಕ್ಕೆ

ಕುರ್ಚಿಯನ್ನು ಗೋಣಿಚೀಲ ಸುತ್ತಿ ಹೊಲಿದು ಸಾಮಾನಿಗೆ ಹಾಕಿದೆವು. ಗೂಟ, ಹಗ್ಗ ಅದರ ಹೊಟ್ಟೆಯೊಳಗೇ ಇದ್ದವು. ಮೂರು ಕೆಜಿ ಗುಂಡನ್ನು ಮಾತ್ರ ನಾನು ಕೈಚೀಲದಲ್ಲಿ ರಾಗಿ ಹಿಟ್ಟಿನ ನಡುವೆ ಹೂತಿದ್ದೆ. ಕಳೆದುಹೋದರೆ ಹಗರೆಯಲ್ಲಿ ಇನ್ನೊಂದು ಸಿಗುವುದಿಲ್ಲ, ಅದಕ್ಕೆ.

ವಿಮಾನ ನಿಲ್ದಾಣದಲ್ಲಿ ಚೀಲವನ್ನು ಒಂದು ಪೆಟ್ಟಿಗೆಯೊಳಗೆ ಓಡಿಸಿ ಪೊಲೀಸಿನವನು ಪರದೆ ನೋಡಿದ. ಇನ್ನೊಬ್ಬನನ್ನು ಕರೆದು ತೋರಿಸಿದ. ಇಬ್ಬರೂ ಮೂರನೆಯವನನ್ನು ಕರೆದರು. ಮೂರನೆಯವನು ಚೀಲಕ್ಕೆ ಕೈ ಹಾಕಿ, ಮೊಣಕೈವರೆಗೂ ಹಿಟ್ಟು ಮಾಡಿಕೊಂಡು ಗುಂಡನ್ನು ಎತ್ತಿದ.

"ಏನಜ್ಜಿ ಇದು?"

"ನನ್ ಸೊಸೆ ಎಸೆಯೋದು."

"ಯಾರ ಮೇಲೆ?"

"ಇನ್ನೂ ಯಾರ್ ಮೇಲೂ ಎಸೆದಿಲ್ಲ" ಅಂದೆ. ನಿಜವನ್ನೇ ಹೇಳಿದ್ದು. ಆದರೂ ಮುಕ್ಕಾಲು ಗಂಟೆ ಕೂರಿಸಿದರು. ಸುಚೇತಾ ಕಾಗದಪತ್ರ ತೋರಿಸಿ, ಗುಂಡನ್ನು ಸಾಮಾನಿಗೆ ಕಳಿಸಿ, ನನ್ನನ್ನು ಬಿಡಿಸಿದಳು. "ಅಜ್ಜಿ, ಇನ್ಮೇಲೆ ಯಾರಾದ್ರೂ ಕೇಳಿದ್ರೆ ನಾನೇ ಉತ್ತರ ಕೊಡ್ತೀನಿ" ಎಂದು ಕೈ ಮುಗಿದಳು.

ವಿಮಾನದಲ್ಲಿ ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳಿ ಅಂದರು. ಅದರ ಕೊಂಡಿ ಟಿಕ್ ಎಂದು ಸೇರುತ್ತದೆ, ಟಿಕ್ ಎಂದು ಬಿಡುತ್ತದೆ. ಅಷ್ಟು ಸಲೀಸಾಗಿ ಬಿಡುವುದನ್ನು ನಂಬಿ ಆಕಾಶಕ್ಕೆ ಹೋಗುವುದು ಹೇಗೆ? ನಾನು ಗಂಟು ಹಾಕಿಕೊಂಡೆ. ಮೇಲೆ ಹೋದ ಮೇಲೆ ಅದನ್ನು ಕಂಡ ವಿಮಾನದ ಹುಡುಗಿ ಗಾಬರಿಯಾಗಿ ಬಿಚ್ಚಲು ನೋಡಿದಳು. ಉಗುರು ಮುರಿಯಿತು. ಇನ್ನೊಬ್ಬಳು ಬಂದಳು. ಆಮೇಲೆ ಟೋಪಿಯವನೊಬ್ಬ ಬಂದ. ಅವರ ಪರದಾಟ ನೋಡಲಾರದೆ ನಾನೇ ಒಂದು ಎಳೆ ಎಳೆದೆ, ಬಿಚ್ಚಿಕೊಂಡಿತು.

ಪಕ್ಕದಲ್ಲಿದ್ದ ಸೊಸೆ ಮುಖಕ್ಕೆ ಹೊದಿಕೆ ಎಳೆದುಕೊಂಡಳು. ನಗುತ್ತಿದ್ದಳೋ, ನಾಚಿಕೆಯೋ, ಕೇಳಲಿಲ್ಲ.

ಮೊದಲ ದಿನ: ಬಾರದ ಕುರ್ಚಿ

ನಾವು ಇಳಿದೆವು, ಕುರ್ಚಿ ಇಳಿಯಲಿಲ್ಲ. ರಬ್ಬರು ಪಟ್ಟಿಯ ಮೇಲೆ ಊರಿನವರ ಪೆಟ್ಟಿಗೆಯೆಲ್ಲ ಮೆರವಣಿಗೆ ಬಂದವು. ನಮ್ಮ ಗುಂಡಿನ ಚೀಲವೂ ಬಂತು. ಕುರ್ಚಿ ಮಾತ್ರ ಬೇರೆ ಯಾವುದೋ ದೇಶ ನೋಡಲು ಹೋಗಿತ್ತು. ಸಿಕ್ಕಿದರೆ ಹಬ್ಬದ ಕಚೇರಿಗೆ ತಲುಪಿಸುತ್ತೇವೆ ಎಂದು ಅಲ್ಲಿನವರು ಬರೆದುಕೊಂಡರು. ಮಂಜುಳಾ ಊರುಗೋಲಿಗೆ ಗಲ್ಲವೂರಿ ಖಾಲಿ ಪಟ್ಟಿ ಸುತ್ತುವುದನ್ನೇ ನೋಡುತ್ತ ನಿಂತಿದ್ದಳು.

ಹಬ್ಬ ನಡೆಯುವುದು ಒಂದು ಸಣ್ಣ ಊರಿನಲ್ಲಿ. ನಮ್ಮನ್ನು ನೋಡಿಕೊಳ್ಳಲು ಇದ್ದವಳು ಮರೈಕೆ ಎಂಬ ಹೆಂಗಸು. ಐವತ್ತು ದಾಟಿರಬೇಕು. ಅವಳೂ ಗಾಲಿ ಕುರ್ಚಿಯಲ್ಲೇ ಓಡಾಡುವವಳು. ಹಗರೆ ಗೇಟಿನಲ್ಲಿ ಖಾಸಗಿ ಬಸ್ಸು ತಿರುಗಿಸಿದ ಹಾಗೆ ಅದನ್ನು ತಿರುಗಿಸುತ್ತಾಳೆ. ಬಂದವಳೇ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ ಏನೋ ಅಂದಳು. ಸುಚೇತಾ ಹೇಳಲೋ ಬೇಡವೋ ಎಂದು ತಡೆದಳು.

"ಅದೇನಂದ್ಲು ಹೇಳವ್ವ."

"ಈ ಬಟ್ಟೆ ಇಲ್ಲಿ ಚಳಿಗೆ ಆಗಲ್ಲ, ಕಾಯಿಲೆ ಬಿದ್ರೆ ನೋಡ್ಕೊಳೋಕೆ ನನಗೆ ಪುರುಸೊತ್ತಿಲ್ಲ ಅಂತಿದ್ದಾರೆ ಅಜ್ಜಿ."

ನನಗೆ ತವರಿನವರು ಸಿಕ್ಕಿದಂತಾಯಿತು. ಆ ದೇಶದವರೆಲ್ಲ ಹಾಗೇ, ಮುಖಕ್ಕೆ ಹೊಡೆದಂತೆ ಮಾತು. ನಮ್ಮಲ್ಲಿ ಊಟ ಬೇಕಾದವನು ಬೇಡ ಎನ್ನಬೇಕು, ಬಡಿಸುವವನು ಇಲ್ಲ ಇಲ್ಲ ಎನ್ನಬೇಕು, ಆಮೇಲೆ ತಟ್ಟೆಗೆ ಬೀಳಬೇಕು. ಮರೈಕೆ ಮನೆಯಲ್ಲಿ ಕಾಫಿ ಕೊಟ್ಟಳು, ಡಬ್ಬಿ ತೆಗೆದು ಒಬ್ಬೊಬ್ಬರಿಗೆ ಒಂದೊಂದು ಬಿಸ್ಕತ್ತು ಕೊಟ್ಟಳು, ಡಬ್ಬಿ ಮುಚ್ಚಿದಳು. ಮುಗಿಯಿತು. ಬಾಯುಪಚಾರವಿಲ್ಲ. ನಾನು ಮರ್ಯಾದೆಗೆ ಬೇಡ ಅಂದಿದ್ದೆ. ಅವಳು ಹೌದೇ ಎಂದು ನನ್ನ ಬಿಸ್ಕತ್ತನ್ನು ಡಬ್ಬಿಗೆ ಹಾಕಿಬಿಟ್ಟಳು. ಮಾರನೇ ದಿನದಿಂದ ನಾನು ಬೇಡ ಅನ್ನುವುದನ್ನೇ ಬಿಟ್ಟೆ.

ಅವರ ಮನೆಗಳ ಕಿಟಕಿ ಗೋಡೆಯಷ್ಟು ದೊಡ್ಡವು, ಪರದೆಯೇ ಇಲ್ಲ. ಬೀದಿಯಲ್ಲಿ ಹೋಗುವವರಿಗೆ ಒಳಗೆ ಯಾರು ಉಣ್ಣುತ್ತಿದ್ದಾರೆ, ಯಾರು ಮುನಿಸಿಕೊಂಡಿದ್ದಾರೆ ಎಲ್ಲ ಕಾಣುತ್ತದೆ. ಆದರೆ ಯಾರೂ ನೋಡುವುದಿಲ್ಲ. ನಾನು ನೋಡಿದೆ. ಒಂದು ಮನೆಯವರು ನನಗೆ ಕೈಬೀಸಿದರು ಕೂಡ.

ಮರೈಕೆ ಮೊದಲು ಗುಂಡು, ತಟ್ಟೆ ಎರಡನ್ನೂ ಎಸೆಯುತ್ತಿದ್ದಳಂತೆ. ಭುಜ ಹಾಳಾದ ಮೇಲೆ ತೀರ್ಪುಗಾರಳಾಗಿ ಕೆಲವು ವರ್ಷ ಇದ್ದಳಂತೆ. ಇದು ಕಿವಿಗೆ ಬಿದ್ದದ್ದೇ ನನ್ನ ಸೊಸೆ ಕಾಫಿ ಲೋಟ ಕೆಳಗಿಟ್ಟಳು.

"ಮೈದಾನ ಎಲ್ಲಿದೆ ಕೇಳಿ ಸುಚೇತಾ. ಕುರ್ಚಿ ಸಿಕ್ಕಿದ ತಕ್ಷಣ ಎಸೀತೀನಿ ಅಂತ ಹೇಳಿ."

ಮರೈಕೆ ತಲೆಯಾಡಿಸಿದಳು. ಈ ಹಬ್ಬದಲ್ಲಿ ಮೈದಾನವೇ ಇಲ್ಲ. ಸಿನಿಮಾ ಇದೆ, ಚಿತ್ರ ಇದೆ, ಕುಣಿತ ಇದೆ. ಎಸೆಯುವುದು, ಓಡುವುದು ಏನೂ ಇಲ್ಲ.

"ಪರವಾಗಿಲ್ಲ ಮಂಜುಳಾ, ಸಿನಿಮಾದಲ್ಲಿ ನಿಮ್ಮ ಎಸೆತ ಇದ್ಯಲ್ಲ. ಅವರು ನಾಳೆ ನೋಡ್ತಾರೆ" ಎಂದಳು ಸುಚೇತಾ.

ಸೊಸೆ ಅಷ್ಟಕ್ಕೇ ಸಮಾಧಾನ ಮಾಡಿಕೊಂಡಳು. ನಾವಿಬ್ಬರೂ ಆ ಸಿನಿಮಾ ಇನ್ನೂ ನೋಡಿರಲಿಲ್ಲ.

ಎರಡನೇ ದಿನ: ಬೆಳ್ಳಕ್ಕಿ

ಸಿನಿಮಾ ಮಂದಿರದಲ್ಲಿ ಮುನ್ನೂರು ಜನ ಇದ್ದಿರಬೇಕು. ಕೈಯಿಲ್ಲದವರು, ಕಾಲಿಲ್ಲದವರು, ಕಣ್ಣು ಕಾಣದವರು, ಎಲ್ಲ ಇದ್ದವರು. ದೀಪ ಆರಿತು. ನಮ್ಮೂರು ಬಂತು. ನಮ್ಮ ಕೊಟ್ಟಿಗೆ ಬಂತು. ಆಮೇಲೆ ನಾನು ಬಂದೆ.

ಸಗಣಿ ಮಂಕರಿ ಹೊತ್ತು ಬರುತ್ತಿದ್ದೇನೆ. ದಿನಾ ಹೊರುವ ಮಂಕರಿಯೇ. ಆದರೆ ನಾನು ಒಂದೊಂದು ಹೆಜ್ಜೆ ಇಟ್ಟಾಗಲೂ ಹಿಂದಿನಿಂದ ಢಂ, ಢಂ ಎಂದು ಸಂಗೀತ. ಕೊಲೆ ಮಾಡಲು ಹೋಗುವವಳ ಹಾಗೆ. ಮಂಕರಿ ಇಳಿಸಿ ಕ್ಯಾಮೆರಾ ಕಡೆ ತಿರುಗಿ ಹೇಳುತ್ತೇನೆ: "ಕಾಲಿಲ್ದೋಳನ್ನ ತಂದ್ರೆ ಕೊಟ್ಟಿಗೆ ಕಸ ಯಾರ್ ಬಾಚ್ತಾರೆ ಅಂದೆ." ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರ ಓಡಿದವು. ಮುನ್ನೂರು ಜನ ಒಂದೇ ಸಲ ಉಸಿರು ಎಳೆದುಕೊಂಡರು.

ನಾನು ಹೇಳಿದ್ದೇ. ಮದುವೆಗೆ ಏನಂದಿರಿ ಎಂದು ಸುಚೇತಾ ಕೇಳಿದಳು, ಅಂದದ್ದನ್ನು ಹೇಳಿದೆ. ಆದರೆ ಹನ್ನೆರಡು ದಿನದಲ್ಲಿ ಇನ್ನೂ ಎಷ್ಟೋ ಹೇಳಿದ್ದೆ. ಗೂಟ ಹೇಗೆ ಹೊಡೆಯಬೇಕು, ಹಗ್ಗಕ್ಕೆ ಮೊದಲು ನೀರು ಹಾಕಬೇಕೋ ಬೇಡವೋ ಎಲ್ಲ. ಅದೊಂದೂ ಇರಲಿಲ್ಲ. ಮುಂದೆ ಮೂರು ಸಲ ಬಂದೆ, ಮೂರು ಸಲವೂ ಢಂ ಢಂ.

ನನ್ನದು ಹಾಳಾಗಲಿ. ಕೊನೆಗೆ ಎಸೆತ ಬಂತು. ಮಂಜುಳಾ ಕುರ್ಚಿಯಲ್ಲಿ ಕೂತಿದ್ದಾಳೆ. ಗುಂಡನ್ನು ಕತ್ತಿಗೆ ಒತ್ತಿ ಹಿಡಿದಿದ್ದಾಳೆ. ಪಕ್ಕದಲ್ಲಿ ನನ್ನ ಸೊಸೆ ಮುಂದಕ್ಕೆ ಬಾಗಿದಳು. ಪರದೆಯ ಮೇಲೆ ಗುಂಡು ಕೈ ಬಿಟ್ಟಿತು, ಮೇಲಕ್ಕೆ ಹೋಯಿತು, ಹೋಯಿತು... ಬೆಳ್ಳಕ್ಕಿ ಹಾರಿದವು! ಕೆರೆಯ ಮೇಲೆ ಒಂದು ಹಿಂಡು ಬೆಳ್ಳಕ್ಕಿ ಹಾರಿ ಹೋದವು, ಕೊಳಲು ಊದಿತು, ಸಿನಿಮಾ ಮುಗಿಯಿತು. ಗುಂಡು ನೆಲಕ್ಕೆ ಬೀಳಲೇ ಇಲ್ಲ.

ದೀಪ ಹತ್ತಿದಾಗ ಅರ್ಧ ಮಂದಿರ ಮೂಗು ಒರೆಸಿಕೊಳ್ಳುತ್ತಿತ್ತು. ಹೆಂಗಸರು ಸಾಲಾಗಿ ಬಂದು ಮಂಜುಳಾಳನ್ನು ತಬ್ಬಿಕೊಂಡರು. ನನ್ನನ್ನು ದಾಟುವಾಗ ಸೆರಗು ತಾಗದ ಹಾಗೆ ಸರಿದು ಹೋದರು. ಆಮೇಲೆ ನಮ್ಮನ್ನು ವೇದಿಕೆಗೆ ಹತ್ತಿಸಿ ಮಂಜುಳಾ ಕೈಗೆ ಮೈಕು ಕೊಟ್ಟರು. ಒಬ್ಬಳು ಕೆಳಗಿನಿಂದ ಏನೋ ಕೇಳಿದಳು. ಅತ್ತೆಯನ್ನು ಕ್ಷಮಿಸಿದ್ದೀರಾ ಎಂದು ಕೇಳುತ್ತಿದ್ದಾರೆ ಎಂದು ಸುಚೇತಾ ನೆಲ ನೋಡುತ್ತ ಹೇಳಿದಳು.

ಮಂಜುಳಾ ಮೈಕು ಹಿಡಿದು ಸುಚೇತಾಳ ಕಡೆಗೇ ತಿರುಗಿದಳು. "ಅದು ಹಾಗಿರ್ಲಿ. ನನ್ ಗುಂಡು ಎಲ್ಲಿ ಬಿತ್ತು ರೀ?"

ಸುಚೇತಾ ಅದನ್ನು ಇಂಗ್ಲಿಷಿಗೆ ಹೇಳಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಮರೈಕೆ ಮಾತ್ರ ಕಣ್ಣು ಒರೆಸಿಕೊಂಡಿರಲಿಲ್ಲ. ಕೈ ಕಟ್ಟಿಕೊಂಡು ನಮ್ಮನ್ನೇ ನೋಡುತ್ತಿದ್ದಳು.

ಹಳೇಬೀಡಿಗೆ ಬರುವ ಬಿಳಿಯರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಅಲ್ಲಿನ ವಿಗ್ರಹಗಳಿಗೆ ಕೈ ಮುರಿದಿದೆ, ಕಾಲು ಮುರಿದಿದೆ, ಮೂಗು ಹೋಗಿದೆ. ಒಬ್ಬರಾದರೂ ಅಯ್ಯೋ ಪಾಪ ಎಂದು ಅತ್ತದ್ದನ್ನು ಕಾಣೆ. ಕತ್ತು ನೋಯುವಷ್ಟು ಹೊತ್ತು ಕೆತ್ತನೆ ನೋಡುತ್ತಾರೆ. ಕಲ್ಲಿಗೆ ಸಿಗುವ ಆ ಮರ್ಯಾದೆ ನನ್ನ ಸೊಸೆಗೆ ಸಿಗಲಿಲ್ಲವಲ್ಲ ಎಂದು ನನಗೆ ಸಿಟ್ಟು ಬಂತು.

ವಸತಿಗೆ ಬಂದ ಮೇಲೆ ಸೊಸೆ ಕೇಳಿದಳು. "ಅಷ್ಟೆಲ್ಲ ಯಾಕ್ ಹೇಳಿದ್ರಿ ಅತ್ತೆ ಅವ್ರಿಗೆ?"

"ಕೇಳಿದ್ಲು, ಹೇಳ್ದೆ. ನಿಂಗೇನ್ ಹೊಸದಾ?"

"ಹೊಸದೇನಲ್ಲ. ಮದ್ವೆ ಮನೇಲೇ ಕೇಳಿಸ್ಕೊಂಡಿದ್ದೆ." ಊರುಗೋಲು ಗೋಡೆಗೆ ಒರಗಿಸಿ ಅಂದಳು, "ಎಲ್ಲಾರೂ ನನ್ ಕಷ್ಟ ನೋಡಿದ್ರು. ಎಸೆತ ಇಲ್ಲೂ ಯಾರೂ ನೋಡ್ಲಿಲ್ಲ."

ಇನ್ನು ಎರಡೇ ದಿನ ಉಳಿದಿತ್ತು.

ಮೂರನೇ ದಿನ ಬೆಳಿಗ್ಗೆ: ಹಸುವಿನ ತವರು

ಬೆಳಿಗ್ಗೆ ಊರಾಚೆ ತಿರುಗಾಡಲು ಹೋದೆ. ಹಸಿರು ಬಯಲು, ನಡುವೆ ನೀರಿನ ಕಾಲುವೆ, ಬಯಲಿನ ತುಂಬ ಕಪ್ಪು ಬಿಳುಪು ಹಸು. ನಮ್ಮ ಡೇರಿಯವರು ಕೊಡಿಸಿದ ಎಚ್‌ಎಫ್ ತಳಿಯ ಹಸುವೇ! ನಮ್ಮ ಕೊಟ್ಟಿಗೆಯಲ್ಲಿ ಸೆಕೆಗೆ ಏದುಸಿರು ಬಿಡುತ್ತ, ಉಣ್ಣೆಹುಳ ಕಚ್ಚಿಸಿಕೊಳ್ಳುತ್ತ, ವಾರಕ್ಕೊಮ್ಮೆ ಡಾಕ್ಟರನ್ನು ಕರೆಸುವ ಆ ಮಹಾರಾಣಿಯ ತವರುಮನೆ ಇದು. ಇಲ್ಲಿ ಅವು ಚಳಿಯಲ್ಲಿ ಕಾಲು ಚಾಚಿ ಮಲಗಿ ಮೆಲುಕು ಹಾಕುತ್ತಿದ್ದವು. ಸಗಣಿ ಎತ್ತುವವರೇ ಇಲ್ಲ. ಅಷ್ಟು ಸಗಣಿ ಬಿಸಾಡಿ ಇಟ್ಟವರನ್ನು ಶ್ರೀಮಂತರು ಅನ್ನಬೇಕೋ ಸೋಮಾರಿಗಳು ಅನ್ನಬೇಕೋ.

ಕೆಚ್ಚಲು ನೋಡೋಣ ಎಂದು ತಂತಿ ಹಿಡಿದು ಬಗ್ಗಿದೆ. ಯಾರೋ ಕೈಗೆ ಜಾಡಿಸಿ ಒದ್ದಂತಾಯಿತು. ತಂತಿಗೆ ಕರೆಂಟು ಬಿಟ್ಟಿದ್ದರು. ಹಸು ಮಾತ್ರ ಕತ್ತು ತಿರುಗಿಸಿ, ಅಷ್ಟೂ ಗೊತ್ತಿಲ್ಲವೇ ಎಂಬಂತೆ ನನ್ನನ್ನು ನೋಡಿತು.

ಅದೇ ದಿನ: ಚಿತ್ರಶಾಲೆ

ಕೈ ಇನ್ನೂ ಜುಮುಗುಟ್ಟುತ್ತಿರುವಾಗಲೇ ಹಬ್ಬದ ಚಿತ್ರಶಾಲೆ ನೋಡಲು ಕರೆದುಕೊಂಡು ಹೋದರು. ಓಡುವವರ ಚಿತ್ರ, ಈಜುವವರ ಮಣ್ಣಿನ ಬೊಂಬೆ, ಮುರಿದ ಊರುಗೋಲುಗಳಿಂದ ಮಾಡಿದ ಮರ. ನನಗೆ ಕಾಲು ಸೋತಿತು. ಕೂರಲು ಎಲ್ಲೂ ಜಾಗವಿಲ್ಲ. ಕೊನೆಯ ಕೋಣೆಯಲ್ಲಿ ಬಿಳೀ ಕಟ್ಟೆಯ ಮೇಲೆ ದೀಪದ ಕೆಳಗೆ ಒಂದು ಕುರ್ಚಿ ಕಂಡಿತು. ಅದರ ಮುಂದೆ ಒಬ್ಬ ಗಡ್ಡದವನು ಅದನ್ನು ನೋಡಿ ನೋಡಿ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದ. ಒಬ್ಬಳು ನೀಲಿ ಕೋಟಿನವಳು ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಹತ್ತಿರ ಹೋದೆ. ನನ್ನ ಕಂಬಳಿ!

"ಮಂಜೀ, ಬಾರೇ ಇಲ್ಲಿ! ನಿನ್ ಕುರ್ಚಿ ಇಲ್ಲಿ ಐತೆ!"

ಅದೇ ಕುರ್ಚಿ. ಹಗ್ಗಗಳನ್ನು ನಾಲ್ಕೂ ಕಡೆಗೆ ಸಾಲಾಗಿ ಹರಡಿದ್ದರು, ಗೂಟಗಳನ್ನು ಒರೆಸಿ ಜೋಡಿಸಿದ್ದರು. ವಿಮಾನದವರು ಕಚೇರಿಗೆ ತಂದು ಹಾಕಿದ್ದಾರೆ. ಕಚೇರಿಯವರು ಗೋಣಿ ಬಿಚ್ಚಿ ನೋಡಿ, ಭಾರತದಿಂದ ಯಾರೋ ಕಲಾವಿದರು ಕಳಿಸಿದ ಕಲಾಕೃತಿ ಅಂದುಕೊಂಡಿದ್ದಾರೆ. ಪಕ್ಕದಲ್ಲಿ ಚೀಟಿಯೂ ಇತ್ತು. ಸುಚೇತಾ ಅದನ್ನು ಓದಿ ಬಾಯಿಗೆ ಕೈ ಅಡ್ಡ ಹಿಡಿದಳು.

"ಏನ್ ಬರ್ದವ್ರೆ?"

"ಹೆಸರು: ಬಂಧನ. ಕಬ್ಬಿಣ, ಹಗ್ಗ, ಉಣ್ಣೆ. ಕಲಾವಿದರು ಯಾರು ತಿಳಿದಿಲ್ಲ. ದಯವಿಟ್ಟು ಮುಟ್ಟಬೇಡಿ."

ನಾನು ಕಟ್ಟೆ ಹತ್ತಿ ಕೂತೆ. ಕಾಲು ಸೋತಿತ್ತು, ಕುರ್ಚಿ ನಮ್ಮದು, ಕಂಬಳಿಯಂತೂ ನನ್ನದೇ. ನೀಲಿ ಕೋಟಿನವಳು ಕಿರುಚಿದಳು. ಕಾವಲುಗಾರ ಓಡಿ ಬಂದ. ಹೋಗು ಹೋಗು ಎಂದು ಕೈ ಆಡಿಸಿದ.

"ಏಳಾಕಿಲ್ಲ ಕಣಯ್ಯ. ಬೇಲೂರಲ್ಲಿ ಮಾಡ್ಸಿದ್ದು ಇದು, ನಿಮ್ಮಪ್ಪನ ಮನೇದಲ್ಲ."

ಜನ ಸೇರಿದರು. ಗಡ್ಡದವನು ಹೊಸ ಹಾಳೆ ತಿರುಗಿಸಿ ನನ್ನನ್ನೂ ಸೇರಿಸಿ ಬರೆಯತೊಡಗಿದ. ಅಷ್ಟರಲ್ಲಿ ಮರೈಕೆ ಗಾಲಿ ಉರುಳಿಸಿಕೊಂಡು ಬಂದಳು. ಕುರ್ಚಿಯ ಬೆಸುಗೆ ಮುಟ್ಟಿ ನೋಡಿದಳು, ಸೀಟಿನ ಎತ್ತರ ಗೇಣು ಹಾಕಿ ಅಳೆದಳು. ಸಿನಿಮಾದಲ್ಲಿ ಮುನ್ನೂರು ಜನ ಕಂಡಿದ್ದರೂ ಇದು ಎಸೆಯುವ ಕುರ್ಚಿ ಎಂದು ಆ ಊರಿನಲ್ಲಿ ಗೊತ್ತಾದದ್ದು ಅವಳೊಬ್ಬಳಿಗೇ. ಗೊತ್ತಾದ ಮೇಲೆ ಅವಳು ನಕ್ಕ ನಗುವಿಗೆ ಗಾಲಿ ಹಿಂದಕ್ಕೆ ಉರುಳಿತು.

ಆದರೆ ಕುರ್ಚಿ ಕೆಳಗಿಳಿಸಲು ಆಗುವುದಿಲ್ಲವಂತೆ. ಪಟ್ಟಿಯಲ್ಲಿ ಕಲಾಕೃತಿ ಎಂದು ಏರಿದ ಮೇಲೆ ಹಬ್ಬ ಮುಗಿಯುವವರೆಗೆ ಅದು ಕಟ್ಟೆ ಬಿಡುವ ಹಾಗಿಲ್ಲ. ಹಬ್ಬ ಮುಗಿಯುವುದು ನಾವು ವಿಮಾನ ಹತ್ತಿದ ಮೇಲೆ. ಮಂಜುಳಾ ಮುಟ್ಟಬೇಡಿ ಎಂದು ಬರೆದ ಕುರ್ಚಿಯ ಕಂಬಿಯನ್ನು ಹಿಡಿದುಕೊಂಡು ನಿಂತಳು.

ಮರೈಕೆ ನಿಯಮದ ಹಾಳೆ ತರಿಸಿ ಎರಡು ಸಲ ಓದಿದಳು. ಆಮೇಲೆ ಬೆರಳಿಟ್ಟು ಒಂದು ಸಾಲು ತೋರಿಸಿದಳು. ಕಲಾವಿದರು ತಮ್ಮ ಕೃತಿಯನ್ನು ಜನರ ಮುಂದೆ ಉಪಯೋಗಿಸಿ ತೋರಿಸಬೇಕೆಂದರೆ ಕಟ್ಟೆಯಿಂದ ಇಳಿಸಬಹುದು.

"ಕಲಾವಿದೆ ನಾನೇ ಅಂತ ಬರ್ಕೊಳಿ" ಅಂದಳು ನನ್ನ ಸೊಸೆ ತಕ್ಷಣ. ಅರ್ಜಿಗೆ ಸಹಿ ಹಾಕಿದಳು. ಅಡ್ಡದಾರಿಯನ್ನು ನಿಯಮದ ಪುಸ್ತಕದಲ್ಲೇ ಬರೆದಿಟ್ಟುಕೊಂಡ ಕಚೇರಿಯನ್ನು ನಾನು ಬೇಲೂರಿನಲ್ಲೂ ಕಂಡಿಲ್ಲ.

ಹುಲ್ಲಿನ ಮೇಲೆ

ಮಧ್ಯಾಹ್ನ ಎರಡು ಗಂಟೆಗೆ ಚಿತ್ರಶಾಲೆಯ ಹಿಂದಿನ ಹುಲ್ಲುಹಾಸಿಗೆ ಕುರ್ಚಿ ಬಂತು. 'ಬಂಧನ'ದ ಕಲಾವಿದೆ ಏನೋ ತೋರಿಸುತ್ತಾಳಂತೆ ಎಂದು ಅರವತ್ತು ಎಪ್ಪತ್ತು ಜನ ಸೇರಿದ್ದರು. ಸುಚೇತಾ ಕ್ಯಾಮೆರಾ ತಂದು ನಿಂತಿದ್ದಳು. ಈ ಸಲ ಗುಂಡು ಬೀಳುವುದನ್ನು ತೆಗೆದೇ ತೆಗೆಯುತ್ತೇನೆ ಎಂದು ಮಂಜುಳಾಗೆ ಮಾತು ಕೊಟ್ಟಿದ್ದಳು. ನನಗೂ ಒಂದು ಮಾತು ಹೇಳಿದಳು, "ಅಜ್ಜಿ, ಸಿನಿಮಾದಿಂದ ನಿಮ್ಮ ಆ ಮಾತು ಬೇಕಿದ್ರೆ ತೆಗೆದುಬಿಡ್ತೀನಿ."

"ಬ್ಯಾಡ ಬಿಡು, ನಾನ್ ಅಂದದ್ದೇ ಅದು. ಆ ಢಂ ಢಂ ಒಂದ್ ತಗಿ."

ನಾನು ಗೂಟ ಹೊಡೆಯಲು ಕೂತೆ. ನಮ್ಮ ನೆಲದಲ್ಲಿ ಒಂದು ಗೂಟಕ್ಕೆ ಇಪ್ಪತ್ತು ಏಟು ಬೇಕು. ಅಲ್ಲಿ ಎರಡೇ ಏಟಿಗೆ ಪೂರ್ತಿ ಇಳಿಯಿತು. ಎರಡು ಬೆರಳಲ್ಲಿ ಎಳೆದರೆ ಅಷ್ಟೇ ಸಲೀಸಾಗಿ ಮೇಲೆ ಬಂತು. ನೆಲವಲ್ಲ ಅದು, ಬೆಣ್ಣೆ. ನಾಲ್ಕು ಕಡೆ ಹೊಡೆದು ನೋಡಿದೆ, ನಾಲ್ಕೂ ಕಿತ್ತು ಬಂದವು. ಗಂಟು ಎಷ್ಟು ಗಟ್ಟಿಯಾದರೇನು, ಗೂಟ ನಿಲ್ಲದಿದ್ದರೆ?

"ಆಗಲ್ವಾ ಅತ್ತೆ?" ಅಂದಳು ಸೊಸೆ.

ನಮ್ಮಲ್ಲಿ ಎತ್ತಿಗೆ ಲಾಳ ಕಟ್ಟುವಾಗ ಏನು ಮಾಡುತ್ತಾರೆ? ಗೂಟ ಹುಡುಕುತ್ತಾರೆಯೇ? ಕೆಡವಿ, ನಾಲ್ಕು ಕಡೆ ಹಗ್ಗ ಹಾಕಿ, ನಾಲ್ಕು ಆಳು ಹಿಡಿದು ಕೂರುತ್ತಾರೆ. ನಾನು ಎದ್ದು ಕಾವಲುಗಾರನ ರಟ್ಟೆ ಹಿಡಿದು ಎಳೆದುಕೊಂಡು ಬಂದೆ. ಹಗ್ಗ ಕೈಗೆ ಕೊಟ್ಟು "ಕುತ್ಕೋ" ಅಂದೆ. ಕೂತ. ಗಡ್ಡದವನನ್ನು ಕರೆತಂದೆ. ನೀಲಿ ಕೋಟಿನವಳನ್ನು ಕರೆತಂದೆ. ಹಗ್ಗಕ್ಕೆ ಇಬ್ಬಿಬ್ಬರಂತೆ ಏಳು ಜನರಾದರು. ಎಂಟನೆಯವರಿಗೆ ಸುತ್ತ ನೋಡಿದೆ. ಗಟ್ಟಿಯಾಗಿದ್ದವಳು ಸುಚೇತಾ ಒಬ್ಬಳೇ.

"ಅದ್ನ ಮಡಗಿ ಇಲ್ ಬಾ."

"ಅಜ್ಜಿ, ನಾನು ಶೂಟ್ ಮಾಡ್ಬೇಕು!"

"ಕುರ್ಚಿ ಮಗುಚಿದ್ರೆ ಏನ್ ತಗೀತೀಯ, ಬೆಳ್ಳಕ್ಕಿಯಾ? ಹಿಡಿ ಹಗ್ಗ."

ಕ್ಯಾಮೆರಾ ಹುಲ್ಲಿನ ಮೇಲಿಟ್ಟು ಹಗ್ಗ ಹಿಡಿದಳು. ನಾನು ಕುರ್ಚಿಯ ಕಾಲುಗಳಿಗೆ ಗಂಟು ಬಿಗಿದೆ. ಮಂಜುಳಾ ಹತ್ತಿ ಕೂತು ತೊಡೆಯ ಮೇಲಿನ ಪಟ್ಟಿ ತಾನೇ ಕಟ್ಟಿಕೊಂಡಳು. ಮರೈಕೆ ಅಳತೆ ಟೇಪು ಹಿಡಿದು ಒಂದು ಪಕ್ಕಕ್ಕೆ ಬಂದು, ಕಣ್ಣು ಸೀಟಿನ ಮಟ್ಟಕ್ಕೆ ಬರುವ ಹಾಗೆ ಬಾಗಿ ಕೂತಳು.

ಮೊದಲನೇ ಎಸೆತದಲ್ಲಿ ಗುಂಡು ಇನ್ನೂ ಕೈಯಲ್ಲಿರುವಾಗಲೇ ನೀಲಿ ಕೋಟಿನವಳು ಹಗ್ಗ ಬಿಟ್ಟು ಚಪ್ಪಾಳೆ ತಟ್ಟಿದಳು. ಕುರ್ಚಿ ವಾಲಿತು, ಗುಂಡು ಕಾಲ ಬುಡದಲ್ಲಿ ಬಿತ್ತು. ಅವಳನ್ನು ನಾನು ಕನ್ನಡದಲ್ಲೇ ಬೈದೆ. ಅವಳಿಗೆ ಎಲ್ಲ ಅರ್ಥವಾಯಿತು.

ಎರಡನೆಯದು ಎಸೆದಳು ನೋಡಿ. ಎಂಟೂ ಜನರ ಕೈಯಲ್ಲಿ ಹಗ್ಗ ಝಲ್ಲೆಂದು ಎಳೆಯಿತು, ಕಾವಲುಗಾರ ಕೂತಲ್ಲೇ ಒಂದು ಮಾರು ಜಾರಿದ. ಗುಂಡು ಹೋಗಿ ಹೂವಿನ ಪಾತಿಯ ಅಂಚಿನಲ್ಲಿ ಧೊಪ್ಪೆಂದು ಬಿತ್ತು. ಹಗರೆಯಲ್ಲಿ ಒಂದು ದಿನವೂ ಅಷ್ಟು ದೂರ ಹೋಗಿರಲಿಲ್ಲ. ಜನ ಕೂಗಿದ ಕೂಗಿಗೆ ಕಾಲುವೆಯ ಬಾತುಗಳೆಲ್ಲ ಎದ್ದವು.

ಮರೈಕೆ ಕೈ ಎತ್ತಿದಳು. "ಫೌಲ್" ಅಂದಳು.

ಎಲ್ಲರೂ ತಣ್ಣಗಾದರು. ಗುಂಡು ಕೈ ಬಿಡುವ ಮೊದಲೇ ಸೊಂಟ ಸೀಟಿನಿಂದ ಎದ್ದಿತ್ತು, ಲೆಕ್ಕಕ್ಕಿಲ್ಲ ಎಂದು ಸುಚೇತಾ ಸಣ್ಣ ದನಿಯಲ್ಲಿ ಹೇಳಿದಳು. ನೀಲಿ ಕೋಟಿನವಳು ಮರೈಕೆಯ ಮೇಲೆ ಹರಿಹಾಯ್ದಳು. ಗಡ್ಡದವನೂ ಸೇರಿಕೊಂಡ. ಅಷ್ಟು ದೂರದಿಂದ ಬಂದ ಪಾಪದವಳಿಗೆ ಇದೇನು ನಿರ್ದಯೆ ಎಂದಿರಬೇಕು. ಮರೈಕೆ ಅವರ ಕಡೆ ತಿರುಗಿಯೂ ನೋಡಲಿಲ್ಲ.

ಎಲ್ಲರಿಗಿಂತ ಹೆಚ್ಚು ಕೂಗಾಡಿದವಳು ನನ್ನ ಸೊಸೆ. "ಎದ್ದಿಲ್ಲ ರೀ! ಎಲ್ಲಿ ಎದ್ದೆ? ಸರಿಯಾಗಿ ನೋಡಿದ್ರಾ? ಅತ್ತೆ, ನೀವ್ ಹೇಳಿ!"

ನಾನು ಹಿಂದೆಯೇ ನಿಂತಿದ್ದೆ. "ಎದ್ದಿತ್ತು ಕಣೇ. ತೊಡೆ ಪಟ್ಟಿ ಸಡ್ಲ ಬಿಟ್ಟಿದ್ದೀಯ. ನಾನೂ ನೋಡ್ದೆ."

"ನೀವ್ ಯಾರ ಕಡೆ ಅತ್ತೆ?"

"ಕುರ್ಚಿ ಕಡೆ."

ಅವಳು ನನ್ನನ್ನು ನುಂಗುವ ಹಾಗೆ ನೋಡಿದಳು. ಆಮೇಲೆ ಮರೈಕೆಯನ್ನು ನೋಡಿದಳು. ಹಾಗೇ ನೋಡುತ್ತ ನೋಡುತ್ತ ಅವಳ ಮುಖ ಬಿಡಿಸಿಕೊಂಡಿತು. "ಎಷ್ಟು ಎದ್ದಿತ್ತು ಅಂತ ಕೇಳಿ" ಅಂದಳು ಸುಚೇತಾಗೆ. ಸುಚೇತಾ ಕೇಳುವ ಮೊದಲೇ ಮರೈಕೆ ಎರಡು ಬೆರಳು ಜೋಡಿಸಿ ತೋರಿಸಿದಳು. ಎಡಗಡೆ ಎಂದು ತನ್ನ ಸೊಂಟ ಮುಟ್ಟಿ ತೋರಿಸಿದಳು. ಅಲ್ಲಿಂದ ಮುಂದೆ ಆ ಇಬ್ಬರಿಗೆ ಸುಚೇತಾ ಬೇಕಾಗಲಿಲ್ಲ. ಮರೈಕೆ ತನ್ನ ಕೆಟ್ಟ ಭುಜವನ್ನೇ ತಿರುಗಿಸಿ ತೋರಿಸಿದಳು. ಮಂಜುಳಾ ತನ್ನದನ್ನು ತಿರುಗಿಸಿದಳು. ಹಾಗಲ್ಲ, ಹೀಗೆ. ಹೀಗಾ? ಅಲ್ಲ. ಅರ್ಧ ಗಂಟೆ ಇದೇ ನಡೆಯಿತು. ಕಲೆ ನೋಡಲು ಬಂದವರು ಒಬ್ಬೊಬ್ಬರಾಗಿ ಚಳಿಗೆ ಮನೆಗೆ ಹೋದರು. ಹಗ್ಗದವರು ಮಾತ್ರ ಹೋಗಲಿಲ್ಲ. ನಾನು ಬಿಡಲಿಲ್ಲ.

ಪಟ್ಟಿಯನ್ನು ಈ ಸಲ ನಾನು ಕಟ್ಟಿದೆ. ಮೂರನೇ ಎಸೆತ ಪಾತಿಯವರೆಗೆ ಹೋಗಲಿಲ್ಲ, ಈಚೆಗೇ ಬಿತ್ತು. ಮರೈಕೆ ಟೇಪು ಹಿಡಿದು ಅಳೆದು, ಆರು ಮೀಟರು ಹನ್ನೆರಡು ಸೆಂಟಿಮೀಟರು ಎಂದು ಹಾಳೆಯಲ್ಲಿ ಬರೆದು, ಕೆಳಗೆ ತನ್ನ ಸಹಿ ಹಾಕಿದಳು. ಚೆನ್ನಾಗಿದೆ ಅನ್ನಲಿಲ್ಲ. ಇನ್ನೂ ಹೋಗಬಹುದಿತ್ತು ಅಂದಳು. ಸುಚೇತಾಳ ಕ್ಯಾಮೆರಾ ಹುಲ್ಲಿನ ಮೇಲೆ ಕೂತು ಆಕಾಶ ನೋಡುತ್ತಿತ್ತು. ಹಗ್ಗ ಉಜ್ಜಿ ಕೆಂಪಾದ ಅಂಗೈಯನ್ನು ಅವಳು ಊದಿಕೊಳ್ಳುತ್ತಿದ್ದಳು.

ಅವತ್ತೇ ಮರೈಕೆಯ ಮನೆಯಿಂದ ನಮ್ಮೂರ ಡೇರಿಗೆ ಫೋನು ಮಾಡಿದೆವು. ಮಗನನ್ನು ಕರೆಯಲು ಯಾರೋ ಓಡಿದರು. ಅವನು ಬಂದು ಹಲೋ ಅಂದದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಆರು ಮೀಟರಿನ ಮಾತು ಅವಳು ಎತ್ತಲೇ ಇಲ್ಲ.

"ರೀ, ನನಗೆ ಫೌಲ್ ಕೊಟ್ರು!" ಎಂದು ಕೂಗಿದಳು, ಹೆಣ್ಣುಕರು ಹಾಕಿದ ಸುದ್ದಿ ಹೇಳುವವಳ ಹಾಗೆ.

ಅವನು ಅಯ್ಯೋ ಅಂದ. "ಯಾರೇ ಕೊಟ್ಟಿದ್ದು?"

"ಆಟ ಗೊತ್ತಿರೋರು ಕಣ್ರೀ!"